ಬಟವಾಡೆ ಲೆಕ್ಕಕ್ಕೆ ಎಲ್ಲ ಯಂತ್ರವೂ ಒಪ್ಪುವ ಬೀಗ ಬೇಕು

ರಾಜಘಟ್ಟದಿಂದ ದೊಡ್ಡಬಳ್ಳಾಪುರಕ್ಕೆ ಹೋಗಿ ಪವರ್‌ಲೂಮ್ ಶೆಡ್ಡುಗಳ ಲೆಕ್ಕ ಬರೆಯುವುದು ನನ್ನ ಕೆಲಸ. ನೇಯ್ದು ಕೊಟ್ಟ ಸೀರೆಗೆ ಇಷ್ಟು ಎಂದು ಕೂಲಿ ಸಿಗುವ ಕಡೆ, ಒಂದು ಸೀರೆ ಲೆಕ್ಕದಿಂದ ಬಿಟ್ಟುಹೋದರೂ ಒಂದು ಮನೆಯ ದಿನಸಿಗೆ ಪೆಟ್ಟು. ಆದ್ದರಿಂದ ಈ ವಿಷಯ ಕಂಪ್ಯೂಟರ್‌ನವರಿಗೆ ಮಾತ್ರ ಸೇರಿದ್ದಲ್ಲ.

ಒಂದು ಶೆಡ್ಡಿನ ಆಫೀಸಿನಲ್ಲಿ ವಿಂಡೋಸ್ ಇತ್ತು, ಬಾಗಿಲಲ್ಲಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದರು. ಸರ್ವರ್‌ನಲ್ಲಿದ್ದ ಬಟವಾಡೆ ಫೈಲು ಒಂದೇ. ಆಫೀಸಿನವರು ಅದನ್ನು ತೆರೆದು ಮುಂಗಡ ಮುರಿದುಕೊಳ್ಳುತ್ತಿದ್ದಾಗಲೇ ಶೆಡ್ಡಿನ ಹುಡುಗ ಅದೇ ಫೈಲು ತೆರೆದು ಬಂದ ಸೀರೆ ಏರಿಸಿ ಸೇವ್ ಮಾಡಿದ. ಸಂಜೆ ಆಫೀಸಿನವರು ಸೇವ್ ಒತ್ತಿದಾಗ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಅವಸರದಲ್ಲಿ ಓಕೆ ಒತ್ತಿದರು. ಹುಡುಗ ಬರೆದದ್ದೆಲ್ಲ ಹೋಯಿತು. ಶನಿವಾರ ನೇಕಾರರೊಬ್ಬರು, "ಅಕ್ಕಾ, ನಾನು ಕೊಟ್ಟ ಸೀರೆ ಬರ್ಕೊಂಡೇ ಇಲ್ವಲ್ಲ" ಎಂದಾಗ ಎಲ್ಲರೂ ಬೈದದ್ದು ಹುಡುಗನನ್ನು. ಅವನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಫೈಲು ತೆರೆಯುವಾಗಲೇ ಅವನನ್ನು ತಡೆಯಬೇಕಿತ್ತು. ಏಕೆ ತಡೆಯಲಿಲ್ಲ? ವಿಂಡೋಸ್‌ನಲ್ಲಿ ಫೈಲು ತೆರೆಯುವ ಪ್ರೋಗ್ರಾಂ 'ನಾನು ಮುಗಿಸುವವರೆಗೆ ಬೇರೆ ಯಾರೂ ಬರೆಯಬಾರದು' ಎಂದು ಹೇಳಬಹುದು. ವಿಂಡೋಸ್ ಅದನ್ನು ಕಟ್ಟುನಿಟ್ಟಾಗಿ ನಡೆಸುತ್ತದೆ. ಲಿನಕ್ಸ್ ಸೇರಿದ ಯೂನಿಕ್ಸ್ ಮನೆತನದ ಬೀಗ ಒಪ್ಪಂದದ ಬೀಗ. ಬೀಗವಿದೆಯೇ ಎಂದು ಕೇಳುವ ಪ್ರೋಗ್ರಾಂ ನಿಲ್ಲುತ್ತದೆ, ಕೇಳದೆ ಬರೆಯುವುದನ್ನು ಯಾರೂ ತಡೆಯುವುದಿಲ್ಲ. ಕಡ್ಡಾಯ ಬೀಗದ ಸೌಲಭ್ಯವೂ ಲಿನಕ್ಸ್‌ನಲ್ಲಿ ಒಂದಿತ್ತು. ಅದನ್ನು 2021ರಲ್ಲಿ ತೆಗೆದೇಹಾಕಿದರು.

ನಡುವೆ ಸೇತುವೆ ಇಲ್ಲವೆಂದಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಶುರುಮಾಡಿದ ಸಾಂಬಾ ಇವತ್ತಿಗೂ ಲಿನಕ್ಸ್ ಸರ್ವರ್‌ನ ಫೈಲುಗಳನ್ನು ವಿಂಡೋಸ್‌ಗೆ ಅದರದೇ ರೀತಿಯಲ್ಲಿ ಹಂಚುತ್ತದೆ. ಅದು ವಿಂಡೋಸ್‌ನ ಬೀಗಗಳ ಲೆಕ್ಕವನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಆಫೀಸಿನ ವಿಂಡೋಸ್ ಸರ್ವರಿಗೆ ಬರುತ್ತಿದ್ದದ್ದು ಸಾಂಬಾ ಮೂಲಕ. ಆದರೆ ನಮ್ಮ ಶೆಡ್ಡಿನ ಲಿನಕ್ಸ್ ಯಂತ್ರ ಬರುತ್ತಿದ್ದದ್ದು ಎನ್‌ಎಫ್‌ಎಸ್ ಎಂಬ ಬೇರೆ ದಾರಿಯಲ್ಲಿ. 1984ರಲ್ಲಿ ಸನ್ ಕಂಪನಿ ಹೊರತಂದ ಈ ದಾರಿಯಲ್ಲಿ ಮೊದಲಿಗೆ ಬೀಗದ ವ್ಯವಸ್ಥೆಯೇ ಪ್ರತ್ಯೇಕವಾಗಿತ್ತು. ನಾಲ್ಕನೆಯ ಆವೃತ್ತಿಯಲ್ಲಷ್ಟೇ ಅದು ಒಳಗೆ ಸೇರಿತು. ಸಾಂಬಾ ಬರೆದಿಟ್ಟ ಲೆಕ್ಕ ಈ ದಾರಿಯಲ್ಲಿ ಬಂದವರಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಹಾಗೆಂದು ಲಿನಕ್ಸ್ ಬೇಡ ಎನ್ನುವವಳು ನಾನಲ್ಲ. ಸಣ್ಣ ಶೆಡ್ಡಿಗೆ ಲೈಸೆನ್ಸ್ ದುಡ್ಡು ಉಳಿಯುವುದು ದೊಡ್ಡ ಮಾತೇ. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ನನ್ನ ತಕರಾರು, ಎರಡು ಬಗೆಯ ಯಂತ್ರ ಜೋಡಿಸಿ, 'ಫೋಲ್ಡರ್ ತೆರೆಯಿತು ನೋಡಿ' ಎಂದು ದುಡ್ಡು ಎಣಿಸಿಕೊಂಡು ಹೋಗುವವರ ಮೇಲೆ. ಫೋಲ್ಡರ್ ತೆರೆದರೆ ಅರ್ಧ ಕೆಲಸವೂ ಮುಗಿದಿಲ್ಲ.

ಮಗ್ಗದ ಮಾಲೀಕರಲ್ಲಿ, ಹಾಲಿನ ಡೇರಿ, ಸಹಕಾರ ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ಮನವಿ ಇಷ್ಟೇ. ಎಲ್ಲ ಯಂತ್ರಗಳನ್ನೂ ಸಾಂಬಾದ ಒಂದೇ ದಾರಿಯಲ್ಲಿ ಸರ್ವರಿಗೆ ಜೋಡಿಸಿ ಎಂದು ಕೇಳಿ. ಬಿಲ್ಲು ಕೊಡುವ ಮೊದಲು ವಿಂಡೋಸ್‌ನಲ್ಲಿ ಒಂದು ಫೈಲು ತೆರೆದಿಟ್ಟು ಲಿನಕ್ಸ್‌ನಿಂದ ಬರೆಯಲು ನೋಡಿ, ಆಮೇಲೆ ತಿರುಗುಮುರುಗು ಮಾಡಿ. ಎರಡು ಕಡೆಯೂ ತಡೆದರೆ ಮಾತ್ರ ದುಡ್ಡು ಕೊಡಿ. ಇಲ್ಲವಾದರೆ ಬಟವಾಡೆ ಫೈಲನ್ನು ಒಬ್ಬರ ಕೈಗೇ ಕೊಡಿ, ಉಳಿದವರು ಚೀಟಿಯಲ್ಲಿ ಬರೆದುಕೊಡಲಿ.