ಮೋಂಪೆಲಿಯೆಯಿಂದ ಧಾರವಾಡಕ್ಕೆ

ಈ ವರ್ಷದ ಸ್ಮರಣ ಸಂಚಿಕೆಗೆ ‘ಪರದೇಶವಾಸ’ವೆಂಬ ವಿಷಯವನ್ನು ಗೊತ್ತುಮಾಡಿದ ದಿನ ನಮ್ಮ ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು, ಕಲ್ಯಾಣದುರ್ಗ ಹಿಂದೂಪುರಗಳ ಕನ್ನಡಿಗರು ಪರದೇಶದ ಮಾತನ್ನಾಡುವುದಕ್ಕೆ ಸಮುದ್ರವನ್ನು ದಾಟಬೇಕೇನಯ್ಯ ಎಂದು ವಿನೋದವಾಗಿ ಕೇಳಿದರು. ಎಲ್ಲರೂ ನಕ್ಕೆವಾದರೂ ಆ ಮಾತು ತಿರುಳಿಲ್ಲದ್ದಾಗಿರಲಿಲ್ಲ. ಮಡಕಶಿರಾ ಸೀಮೆಯ ಹೇಮಾವತಿಯಲ್ಲಿ, ಎಂದರೆ ಹಿಂದಿನ ಹೆಂಜೇರಿನಲ್ಲಿ, ನೊಳಂಬ ಅರಸರು ರಾಜಧಾನಿಯನ್ನು ನೆಲೆಗೊಳಿಸಿ ಕನ್ನಡದಲ್ಲಿ ಶಾಸನಗಳನ್ನು ಕೊರೆಯಿಸಿದ ಕಾಲದಿಂದಲೂ ಈ ನೆಲದಲ್ಲಿ ಬಾಳಿದ ಜನ ನಾವು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರವನ್ನು ಬೇರ್ಪಡಿಸಿದಾಗಲಾಗಲಿ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಮದರಾಸಿನಿಂದ ಬೇರೆಯಾಗಿ ಬಳ್ಳಾರಿಯು ಮೈಸೂರಿಗೂ ಅನಂತಪುರವು ಆಂಧ್ರಕ್ಕೂ ಸಂದಾಗಲಾಗಲಿ, ನಮ್ಮ ಹಿರಿಯರು ತಮ್ಮ ಮನೆಯ ಜಗಲಿಯ ಮೇಲೆಯೇ ಕುಳಿತಿದ್ದು ಹೊರನಾಡಿಗರಾದರು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿದುದರಿಂದ, ಒಂದೇ ಸಂಘದ ಸದಸ್ಯರಿಗೆ ಈಗ ಎರಡು ಜಿಲ್ಲೆಗಳ ವಿಳಾಸವುಂಟು.

ಆದರೆ ನಮ್ಮ ಮಕ್ಕಳು ಮೊಮ್ಮಕ್ಕಳು ಈಗ ನಿಜವಾಗಿಯೇ ಸಮುದ್ರವನ್ನು ದಾಟುತ್ತಿರುವರು. ಅವರಿಂದ ಬರಹಗಳನ್ನು ಕೋರಿದೆವು. ಕೇಳಿದ್ದು ಕನ್ನಡ, ಬಂದವುಗಳಲ್ಲಿ ಕೆಲವು ಇಂಗ್ಲಿಷಿನಲ್ಲಿ, ಒಂದೆರಡು ತೆಲುಗಿನಲ್ಲಿ, ಮತ್ತೆ ಕೆಲವು ಮೊಬೈಲಿನಲ್ಲಿ ಮಾತಾಡಿ ಕಳುಹಿಸಿದ ಧ್ವನಿಯ ರೂಪದಲ್ಲಿ ಇದ್ದುವು. ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ ನೆಲೆಸಿರುವ ದಂಪತಿಗಳು ತಮ್ಮ ದ್ರಾಕ್ಷಿತೋಟದ ನೆರೆಹೊರೆಯನ್ನೂ ರಜೆಯ ದಿನಗಳ ಸಂಚಾರವನ್ನೂ ಬಹು ಸೊಗಸಾಗಿ ಇಂಗ್ಲಿಷಿನಲ್ಲಿ ವರ್ಣಿಸಿ, ಕನ್ನಡದಲ್ಲಿ ಬರೆಯುವ ರೂಢಿ ತಪ್ಪಿಹೋಗಿದೆಯೆಂದೂ, ಬರೆದರೂ ಆ ದೂರದಿಂದ ಬಂದ ಕನ್ನಡವನ್ನು ಯಾರು ಓದುವರೆಂದೂ ಕಡೆಯಲ್ಲಿ ಒಂದು ಸಾಲನ್ನು ಸೇರಿಸಿದ್ದರು. ಆ ಸಾಲೇ ಈ ಸಂಪಾದಕೀಯಕ್ಕೆ ಕಾರಣವಾಯಿತು. ಏಕೆಂದರೆ ಅದೇ ದಕ್ಷಿಣ ಫ್ರಾನ್ಸಿನಿಂದ, ಸುಮಾರು ತೊಂಬತ್ತು ವರ್ಷಗಳಿಗೂ ಹಿಂದೆ, ಕನ್ನಡದ ಬರಹಗಳು ಹಡಗೇರಿ ನಮ್ಮ ಮಾಸಪತ್ರಿಕೆಯೊಂದಕ್ಕೆ ಬಂದುದುಂಟು.

ಬರೆದವರು ಹಾಸನದ ರಾಜಾರಾಯರು. 1908ರ ನವೆಂಬರ್ 8ರಂದು ಹಾಸನದಲ್ಲಿ ಹುಟ್ಟಿದ ಅವರು ಬೆಳೆದುದು ಹೈದರಾಬಾದಿನಲ್ಲಿ; ತಂದೆಯವರು ಅಲ್ಲಿನ ನಿಜಾಂ ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸುತ್ತಿದ್ದರು. ಹೊರನಾಡ ಕನ್ನಡಿಗನೆಂಬ ಅವಸ್ಥೆ ಅವರಿಗೆ ಫ್ರಾನ್ಸಿನಲ್ಲಿ ಹೊಸದಾಗಿ ಒದಗಿದುದಲ್ಲ, ಬಾಲ್ಯದಲ್ಲಿಯೇ ಅಭ್ಯಾಸವಾಗಿತ್ತೆಂಬುದನ್ನು ಅವರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಉರ್ದು ಆಳುವ, ತೆಲುಗು ಸುತ್ತುವರಿದ ನಗರದಲ್ಲಿ ಮನೆಯೊಳಗೆ ಕನ್ನಡವನ್ನು ಆಡಿಕೊಂಡು ಬೆಳೆದ ಹುಡುಗನ ಮನಸ್ಸು ಹೇಗಿರುತ್ತದೆಯೆಂಬುದನ್ನು ಹಿಂದೂಪುರದ ಪೇಟೆಯಲ್ಲಿ ಬೆಳೆದ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1929ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಹೈದರಾಬಾದು ಸರ್ಕಾರದ ವಿದ್ಯಾರ್ಥಿವೇತನದಿಂದ ಅವರು ಫ್ರಾನ್ಸಿನ ಮೋಂಪೆಲಿಯೆಗೆ ಹೊರಟರು.

ಆ ಕಾಲದ ಭಾರತೀಯ ತರುಣರು ಸಾಧಾರಣವಾಗಿ ಲಂಡನ್ನನ್ನೋ ಆಕ್ಸ್‌ಫರ್ಡನ್ನೋ ಬಯಸುತ್ತಿದ್ದಾಗ ಇವರು ಮೋಂಪೆಲಿಯೆಗೆ ಹೋದುದಕ್ಕೆ ಸರ್ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರ ಆಹ್ವಾನವು ಕಾರಣವೆಂದು ಹೇಳುವರು. ಗೆಡ್ಡಿಸರು ಜೀವವಿಜ್ಞಾನಿ, ನಗರಯೋಜಕ; ಭಾರತದ ಅನೇಕ ಪಟ್ಟಣಗಳ ಸುಧಾರಣೆಗೆ ವರದಿಗಳನ್ನು ಬರೆದು, ಹಳೆಯ ಓಣಿಗಳನ್ನು ಕೆಡವಿ ಎಳೆಯುವ ನೇರ ರಸ್ತೆಗಳನ್ನು ವಿರೋಧಿಸಿ, ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ 1919ರಿಂದ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದವರು. 1924ರಲ್ಲಿ ಮೋಂಪೆಲಿಯೆಗೆ ಬಂದು, ಊರಹೊರಗಿನ ಕಲ್ಲುಗುಡ್ಡದ ಮೇಲೆ ‘ಸ್ಕಾಟರ ಕಾಲೇಜು’ ಎಂಬ ವಿದ್ಯಾರ್ಥಿನಿಲಯವನ್ನು ಕಟ್ಟಿಸಿ, ದೇಶದೇಶಗಳ ಯುವಕರನ್ನು ಅಲ್ಲಿ ಕೂಡಿಸಬೇಕೆಂದು ಹವಣಿಸುತ್ತಿದ್ದು, 1932ರಲ್ಲಿ ಅಲ್ಲಿಯೇ ಕಾಲವಾದರು. ಅವರ ಕನಸಿನ ಎಷ್ಟೋ ಕಟ್ಟಡಗಳು ಮೇಲೇಳಲಿಲ್ಲ. ನಮ್ಮ ಭಾಷೆಯ ದೃಷ್ಟಿಯಿಂದ ನೋಡಿದರೆ ಒಬ್ಬ ಹಾಸನದ ಹುಡುಗನನ್ನು ಆ ಗುಡ್ಡದ ಕಡೆಗೆ ಕರೆದುದೇ ಅವರ ಶ್ರಮಕ್ಕೆ ಸಾಕಷ್ಟು ಫಲವೆನ್ನಬಹುದು.

ಮೋಂಪೆಲಿಯೆಯ ಸುತ್ತಣ ಹಳ್ಳಿಗಾಡು ನಮ್ಮ ಸೀಮೆಯವರಿಗೆ ಅಪರಿಚಿತವೆನಿಸುವಂಥದಲ್ಲ. ಸುಣ್ಣಕಲ್ಲಿನ ಒಣದಿಬ್ಬಗಳು, ಮೊಣಕಾಲೆತ್ತರದ ಮುಳ್ಳುಪೊದೆ, ಬಿಸಿಲಿಗೆ ಘಮಘಮಿಸುವ ಕಾಡುಗಿಡಗಳು, ಬೇಸಗೆಯಲ್ಲಿ ಬತ್ತಿ ಬರಿಯ ಬೆಣಚುಕಲ್ಲನ್ನು ತೋರಿಸುವ ಹಳ್ಳಗಳು. ಮಳೆಯೆಂಬುದು ಅಲ್ಲಿಯೂ ಇಲ್ಲಿಯಂತೆಯೇ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ತಾನು ಮನಸ್ಸುಮಾಡಿದರೆ ಬರುವ ಅತಿಥಿ. ನಮ್ಮ ರೈತ ಶೇಂಗಾವನ್ನು ನಂಬಿರುವಂತೆ ಅಲ್ಲಿನವನು ದ್ರಾಕ್ಷಿಯೊಂದನ್ನೇ ನಂಬಿ ಕೆಟ್ಟ ಕಾಲವೂ ಉಂಟು. ಸಕ್ಕರೆ ಬೆರೆಸಿದ ಕೃತಕ ಮದ್ಯವು ಮಾರುಕಟ್ಟೆಯನ್ನು ತುಂಬಿ ಬೆಲೆಯು ಕುಸಿದಾಗ, 1907ರ ಜೂನ್ 9ರಂದು ಆ ಸೀಮೆಯ ಐದು ಲಕ್ಷಕ್ಕೆ ಕಡಿಮೆಯಿಲ್ಲದ ಜನರು ಮೋಂಪೆಲಿಯೆಯ ಬೀದಿಗಳಲ್ಲಿ ನೆರೆದರು. ಅವರ ಮುಂದಾಳು ಮಾರ್ಸೆಲಾಂ ಆಲ್ಬೇರ್ ಎಂಬ, ಹಳ್ಳಿಯೊಂದರಲ್ಲಿ ಪಾನಗೃಹವನ್ನು ನಡೆಸುತ್ತಿದ್ದ ಸಾಮಾನ್ಯ ಮನುಷ್ಯ. ಪ್ಯಾರಿಸಿನ ವೈಭವವನ್ನು ಮಾತ್ರ ಫ್ರಾನ್ಸೆಂದು ತಿಳಿದ ನಮ್ಮ ಪ್ರವಾಸಿಗಳು ಈ ಫ್ರಾನ್ಸನ್ನು ನೋಡದೆಯೇ ಹಿಂದಿರುಗುವರು.

ಇನ್ನೊಂದು ಸಾಮ್ಯವು ಇದಕ್ಕಿಂತಲೂ ಹತ್ತಿರದ್ದು. ಆ ದಕ್ಷಿಣ ಸೀಮೆಯ ಹಳ್ಳಿಗರ ಮನೆಮಾತು ಫ್ರೆಂಚ್ ಆಗಿರಲಿಲ್ಲ. ಓಕ್ಸಿತಾನ್ ಎಂಬ, ಮಧ್ಯಯುಗದಲ್ಲಿ ಯೂರೋಪಿನ ಪ್ರೇಮಕವಿತೆಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟ ಪ್ರಾಚೀನ ನುಡಿ. 1880ರ ದಶಕದಲ್ಲಿ ಜ್ಯೂಲ್ ಫೆರಿಯ ಶಾಸನಗಳಿಂದ ಪ್ರಾಥಮಿಕ ಶಿಕ್ಷಣವು ಉಚಿತವೂ ಕಡ್ಡಾಯವೂ ಆದಾಗ ಅದು ಫ್ರೆಂಚಿನಲ್ಲಿ ಮಾತ್ರ ನಡೆಯಿತು. ಶಾಲೆಯಲ್ಲಿ ಮನೆಮಾತನ್ನಾಡಿದ ಮಕ್ಕಳಿಗೆ ಶಿಕ್ಷೆಯಿತ್ತು. ಆ ನುಡಿಯ ಪ್ರೊವಾನ್ಸ್ ಸೀಮೆಯ ರೂಪದಲ್ಲಿ ಕಾವ್ಯವನ್ನು ಬರೆದು ಬೃಹತ್ತಾದ ಕೋಶವನ್ನೂ ರಚಿಸಿದ ಫ್ರೆದೆರಿಕ್ ಮಿಸ್ತ್ರಾಲ್ ಕವಿಗೆ 1904ರಲ್ಲಿ ನೊಬೆಲ್ ಪಾರಿತೋಷಕವೇ ದೊರೆಯಿತು, ಆದರೂ ಆ ಭಾಷೆಯನ್ನು ಸರ್ಕಾರಿ ಶಾಲೆಯಲ್ಲಿ ಐಚ್ಛಿಕವಾಗಿ ಕಲಿಸುವುದಕ್ಕೆ 1951ರವರೆಗೂ ಶಾಸನದ ಅನುಮತಿಯಿರಲಿಲ್ಲ. ನೊಬೆಲ್ ಪಾರಿತೋಷಕವು ಭಾಷೆಯನ್ನು ಉಳಿಸದು, ಊರಿನ ಶಾಲೆ ಉಳಿಸೀತು ಎಂದು ಗಡಿನಾಡಿನ ಕನ್ನಡ ಮಾಧ್ಯಮದ ಉಪಾಧ್ಯಾಯರು ಈ ವೃತ್ತಾಂತವನ್ನು ಕೇಳಿ ಹೇಳಿದರೆ ನಾನು ಎದುರಾಡಲಾರೆ.

ಇಂಥ ನಾಡಿನಲ್ಲಿ 1931ರಲ್ಲಿ ರಾಜಾರಾಯರು ಕಮೀಯ್ ಮೂಲಿ ಎಂಬ ಫ್ರೆಂಚ್ ಅಧ್ಯಾಪಿಕೆಯನ್ನು ವಿವಾಹವಾದರು. ಆ ವರ್ಷದಿಂದಲೇ ಧಾರವಾಡದ ‘ಜಯ ಕರ್ನಾಟಕ’ದಲ್ಲಿ ಅವರ ಕನ್ನಡದ ಬರಹಗಳು ಕಾಣಿಸಿಕೊಂಡುವೆಂಬುದು ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಮನೆಯೊಳಗಣ ಮಾತು ಫ್ರೆಂಚ್, ವ್ಯಾಸಂಗದ ಮಾತು ಫ್ರೆಂಚ್ ಮತ್ತು ಇಂಗ್ಲಿಷ್. ಹೀಗಿರಲು ಇಪ್ಪತ್ತಮೂರು ವರ್ಷದ ತರುಣನೊಬ್ಬನು ಯೂರೋಪಿನ ಯಾತ್ರೆಯನ್ನು ಕುರಿತೂ, ಯೂರೋಪು ಮತ್ತು ನಾವು ಎಂಬ ಪ್ರಶ್ನೆಯನ್ನು ಕುರಿತೂ, ಗಾಂಧೀಜಿಯವರ ಚರಿತ್ರೆಯನ್ನು ಬರೆದ ರೊಮೇ ರೋಲಾ ಅವರನ್ನು ಕುರಿತೂ ಕನ್ನಡದಲ್ಲಿ ಬರೆದು ಧಾರವಾಡಕ್ಕೆ ಕಳುಹಿಸಿದನು. ಒಂದು ಕವಿತೆಯೂ ಅವುಗಳಲ್ಲಿ ಸೇರಿತ್ತು. ಮಾರ್ಸೇಯಿ ಬಂದರಿನಿಂದ ಸುಯೆಜ್ ಕಾಲುವೆಯ ಮಾರ್ಗವಾಗಿ ಮುಂಬಯಿಗೆ ಹಡಗಿನಲ್ಲಿ ಸುಮಾರು ಎರಡು ವಾರ, ಅಲ್ಲಿಂದ ರೈಲು. ಲೇಖನವು ಅಚ್ಚಾಗಿ ಪ್ರತಿಯು ಹಿಂದಿರುಗುವ ಹೊತ್ತಿಗೆ ಅಲ್ಲಿ ಋತುವೇ ಬದಲಾಗುತ್ತಿದ್ದಿರಬೇಕು. ಆಲೂರ ವೆಂಕಟರಾಯರು 1922ರಲ್ಲಿ ಹುಟ್ಟುಹಾಕಿದ ಆ ಪತ್ರಿಕೆಯು, ಹಂಚಿಹೋಗಿದ್ದ ಕನ್ನಡನಾಡನ್ನು ಒಂದುಗೂಡಿಸುವ ವ್ರತವನ್ನು ತೊಟ್ಟಿತ್ತು. ಮುಂಬಯಿ ಮದರಾಸು ಹೈದರಾಬಾದು ಮೈಸೂರುಗಳೆಂದು ಚೆದುರಿದ್ದ ಓದುಗರೊಡನೆ ಫ್ರಾನ್ಸಿನ ಕನ್ನಡಿಗನೊಬ್ಬನು ಸೇರಿಕೊಂಡುದು ಆ ವ್ರತಕ್ಕೆ ಸಹಜವಾಗಿಯೇ ಹೊಂದುತ್ತದೆ.

1933ರಲ್ಲಿ ಅವರು ಸ್ವದೇಶಕ್ಕೆ ಬಂದು ಪಂಡಿತ ತಾರಾನಾಥರ ಆಶ್ರಮದಲ್ಲಿ ಕೆಲಕಾಲವಿದ್ದರು. ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ರೈಲಿನಲ್ಲಿ ನಮ್ಮವರು ತುಂಗಭದ್ರಾ ಹೊಳೆಯನ್ನು ದಾಟುವರಷ್ಟೆ. ಆ ಹೊಳೆಯ ತೀರದಲ್ಲಿ ತಾರಾನಾಥರ ಪ್ರೇಮಾಯತನವಿತ್ತು. ಮಂಗಳೂರಿನಲ್ಲಿ ಹುಟ್ಟಿ, ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿ, ವೈದ್ಯ ಸಂಗೀತ ವೇದಾಂತ ನಾಟಕಗಳಲ್ಲಿ ಸಮಾನವಾಗಿ ಪ್ರವೇಶಿಸಿದ್ದ ಆ ಮಹನೀಯರ ಹೆಸರು ಈಗಿನ ತರುಣರಿಗೆ, ಸರೋದ್ ವಾದಕ ರಾಜೀವ ತಾರಾನಾಥರ ತಂದೆಯೆಂದು ಹೇಳಿದರೆ ಮಾತ್ರ ಹೊಳೆಯುವುದು ಖೇದಕರ.

ಈ ನಡುವೆ ಕನ್ನಡದ ಬರಹವು ನಿಂತಿತು. 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಕಾಂತಾಪುರ’ವು ಇಂಗ್ಲಿಷಿನ ಕೃತಿ. ಫ್ರಾನ್ಸಿನ ಆಲ್ಪ್ಸ್ ಪರ್ವತಸೀಮೆಯ, ಹದಿಮೂರನೆಯ ಶತಮಾನದ ಕೋಟೆಮನೆಯೊಂದರಲ್ಲಿ ಅದನ್ನು ಬರೆದುದಾಗಿ ಅವರೇ ಹೇಳಿಕೊಂಡಿರುವರು. ಹಿಮದ ಬೆಟ್ಟಗಳ ನಡುವೆ ಕುಳಿತು ಅವರು ಕಂಡುದು ಕೆಂಚಮ್ಮನ ಗುಡ್ಡವನ್ನು, ಕಾಫಿ ತೋಟದ ಕೂಲಿಗಳನ್ನು, ಹರಿಕಥೆಯ ನೆವದಲ್ಲಿ ಊರನ್ನು ಹೊಕ್ಕ ಗಾಂಧಿಯನ್ನು. ಕಥೆಯನ್ನು ಹೇಳುವವಳು ಅಚ್ಚಕ್ಕನೆಂಬ ಮುದುಕಿ; ಅವಳ ಇಂಗ್ಲಿಷು ನಿಲ್ಲದೆ ಹರಿಯುವ ರೀತಿ, ಜನರನ್ನು ಅವರವರ ಅಡ್ಡಹೆಸರಿನಿಂದ ಕರೆಯುವ ರೀತಿ, ಪುರಾಣಕ್ಕೂ ಪೋಲೀಸಿನವರ ಲಾಠಿಗೂ ಭೇದವೆಣಿಸದ ರೀತಿ ಎಲ್ಲವೂ ಹಾಸನದ ಸೀಮೆಯ ಅಜ್ಜಿಯರದು. (ಆ ಕಾದಂಬರಿಯಲ್ಲಿ ಬರುವ ಹಿಮವತಿಯೆಂಬ ಹೊಳೆಯನ್ನು ನಮ್ಮ ಮಡಕಶಿರಾದ ಹೇಮಾವತಿಯೆಂದು ಭಾವಿಸಿ ಭಾಷಣದಲ್ಲಿ ಹೆಮ್ಮೆಪಡುವ ಮಿತ್ರರಿಗೆ ವಿಜ್ಞಾಪನೆ: ಅದು ಹಾಸನದ ಹೊಳೆಯ ನೆರಳು, ನಮ್ಮ ಶಿಲ್ಪಗಳ ಊರಿಗೂ ಅದಕ್ಕೂ ಸಂಬಂಧವಿಲ್ಲ.)

ರಾಜಾರಾಯರು ಕನ್ನಡವನ್ನು ಬಿಟ್ಟರೆಂದು ದೂಷಿಸುವುದು ನಮ್ಮ ಸಭೆಗಳಲ್ಲಿ ವಾಡಿಕೆ. ನನಗೆ ಅದರಲ್ಲಿ ಅಭಿರುಚಿಯಿಲ್ಲ. ಕನ್ನಡದ ಬರಹದಲ್ಲಿ ಕೈಪಳಗಿಸಿಕೊಂಡ ಮೇಲೆ ಬಂದ ಆ ಇಂಗ್ಲಿಷು, ಕನ್ನಡವಿಲ್ಲದಿದ್ದರೆ ಆ ಬಗೆಯದಾಗಿ ಇರುತ್ತಿರಲಿಲ್ಲವೆಂಬುದನ್ನು ಅಚ್ಚಕ್ಕನ ಒಂದು ಪುಟವನ್ನು ಓದಿದವರೂ ಒಪ್ಪುವರು.

ದಾಂಪತ್ಯವು 1939ರ ಹೊತ್ತಿಗೆ ಮುರಿಯಿತು. ಯುದ್ಧಕಾಲವನ್ನು ಭಾರತದಲ್ಲಿ ಕಳೆದು, ತಿರುವನಂತಪುರದ ಆತ್ಮಾನಂದ ಗುರುಗಳನ್ನು ಆಶ್ರಯಿಸಿ, ಮತ್ತೆ ಫ್ರಾನ್ಸಿಗೆ ಹೋಗಿ, ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ 1960ರಲ್ಲಿ ಅವರು ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಎಂಬ ಎರಡನೆಯ ಕಾದಂಬರಿಯನ್ನು ಪ್ರಕಟಿಸಿದರು. ಸಂಶೋಧಕನಾದ ರಾಮಸ್ವಾಮಿಯೂ ಅಧ್ಯಾಪಿಕೆಯಾದ ಮದಲೇನಳೂ ದಕ್ಷಿಣ ಫ್ರಾನ್ಸಿನ ಎಕ್ಸ್ ಪಟ್ಟಣದ ಹತ್ತಿರ ಮನೆಮಾಡಿಕೊಂಡು ನಡೆಸುವ ಸಂಸಾರದ ಕಥೆ ಅದು. ಕಾದಂಬರಿಯನ್ನು ಜೀವನಚರಿತ್ರೆಯೆಂದು ಓದುವುದು ಅವಿವೇಕ. ಆದರೆ ಪರನಾಡಿನ ಹಳ್ಳಿಗಾಡಿನಲ್ಲಿ ಭಾರತೀಯ ಪತಿ, ಫ್ರೆಂಚ್ ಪತ್ನಿ ಒಬ್ಬರನ್ನೊಬ್ಬರು ಅರಿಯಲು ಪಡುವ ಪ್ರಯಾಸವನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿದ ಬೇರೆ ಕೃತಿಯನ್ನು ನಾನು ಓದಿಲ್ಲ. ಶಿಶುವು ತೀರಿಹೋಗುತ್ತದೆ, ಪತಿಯು ತಂದೆಯ ನಿಮಿತ್ತವಾಗಿ ಊರಿಗೆ ಬಂದು ಚಿಕ್ಕತಾಯಿಯೊಡನೆ ಕಾಶಿಗೆ ಹೋಗುತ್ತಾನೆ, ಪತ್ನಿಯು ಬೌದ್ಧಧರ್ಮದ ವ್ರತೋಪವಾಸಗಳಲ್ಲಿ ಒಳಸರಿಯುತ್ತಾಳೆ. ಮನೆಯ ಬಳಿಯ ಬಂಡೆಗಳಲ್ಲಿ ಅವರಿಗೆ ಆನೆಯೊಂದು, ವೃಷಭವೊಂದು ಕಾಣುವುದನ್ನು ಓದುವಾಗ ಲೇಪಾಕ್ಷಿಯ ಬಸವಣ್ಣನ ನೆರಳಿನಲ್ಲಿ ಬಾಲ್ಯದಲ್ಲಿ ಆಡಿದ ನಮ್ಮಂಥವರ ಮನಸ್ಸು ಎಲ್ಲಿಗೆ ಹಾರುವುದೆಂದು ಹೇಳಬೇಕಾಗಿಲ್ಲ.

ರಾಮಸ್ವಾಮಿಯ ಸಂಶೋಧನೆಯ ವಸ್ತುವೂ ಆ ನೆಲದ್ದೇ: ರೋಮಿನ ಧರ್ಮಪೀಠಕ್ಕೆ ತಲೆಬಾಗದ ಕಥಾರ್ ಪಂಥ. 1208ರಲ್ಲಿ ಅವರ ಮೇಲೆ ಧರ್ಮಯುದ್ಧವು ಸಾರಲ್ಪಟ್ಟು, 1209ರಲ್ಲಿ ಬೇಜಿಯೇ ನಗರದಲ್ಲಿ ಹತ್ಯಾಕಾಂಡವು ನಡೆಯಿತು. 1244ರಲ್ಲಿ ಮೋಂಸೆಗ್ಯೂರ್ ದುರ್ಗವು ಬಿದ್ದ ಮೇಲೆ ಮತವನ್ನು ಬಿಡಲೊಲ್ಲದ ಸುಮಾರು ಇನ್ನೂರು ಜನರನ್ನು ಸುಟ್ಟರು. ಆ ಪಂಥವು ಹಬ್ಬುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಶರಣರು ನೆರೆದಿದ್ದರು, ಚೆದುರಿದರು. ಹೋಲಿಕೆಯನ್ನು ಬಹಳ ಎಳೆಯಬಾರದು. ಶರಣರು ಕಾಯಕವನ್ನೂ ಸಂಸಾರವನ್ನೂ ಮನ್ನಿಸಿದರು, ಕಥಾರರು ದೇಹವನ್ನೇ ಪಾಪವೆಂದು ಕಂಡರು; ಆದರೂ ಕಲ್ಯಾಣದ ಕಥೆಯನ್ನು ಕೇಳಿ ಬೆಳೆದವನು ಆ ಕೋಟೆಯನ್ನು ಹತ್ತುವಾಗ ಕೇವಲ ಪ್ರವಾಸಿಯಾಗಿರಲಾರ.

ಮುಂದಿನದು ಎಲ್ಲರಿಗೂ ತಿಳಿದುದು: ಸಾಹಿತ್ಯ ಅಕಾದೆಮಿಯ ಪ್ರಶಸ್ತಿ, ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪನ, 1988ರ ನ್ಯೂಸ್ಟಾಟ್ ಪಾರಿತೋಷಕ, 2006ರ ಜುಲೈ 8ರಂದು ಆಸ್ಟಿನ್ ನಗರದಲ್ಲಿ ಮರಣ.

ನನ್ನ ಗಮನವು ಮಾತ್ರ ‘ಜಯ ಕರ್ನಾಟಕ’ಕ್ಕೆ ಅವರು ಬರೆದ ಆ ಕೆಲವು ವರ್ಷಗಳಲ್ಲಿಯೇ ನಿಲ್ಲುತ್ತದೆ. ದೂರದಲ್ಲಿರುವವನು ಕನ್ನಡದಲ್ಲಿ ಬರೆಯಬೇಕಾದರೆ ಅವನ ಅಭಿಮಾನವೊಂದೇ ಸಾಲದು. ಬರೆದುದನ್ನು ಅಚ್ಚುಹಾಕುತ್ತೇವೆಂದು ಎದುರುನೋಡುವ ಸಂಪಾದಕನೊಬ್ಬನೂ, ಅಂಚೆಯ ವೆಚ್ಚಕ್ಕೆ ಲೆಕ್ಕ ಹುಡುಕುತ್ತಲೇ ಹೊರಡುವ ಪತ್ರಿಕೆಯೊಂದೂ ಊರಿನಲ್ಲಿರಬೇಕು. ಫ್ರಾನ್ಸಿನ ನಮ್ಮ ದಂಪತಿಗಳು ಯಾರು ಓದುವರೆಂದು ಕೇಳಿದುದು ಅವರ ಔದಾಸೀನ್ಯವಲ್ಲ. ಕೇಳುವವರಿಲ್ಲದ ಮನೆಗೆ ಯಾರೂ ಕಾಗದ ಬರೆಯುವುದಿಲ್ಲ. ನಮ್ಮ ಸಂಚಿಕೆಯು ವರ್ಷಕ್ಕೊಮ್ಮೆ ಮಾತ್ರ, ಅದೂ ಜಾಹೀರಾತುದಾರರ ಕೃಪೆಯಿಂದ, ಹೊರಬರುವಂಥದು. ಇಂಥ ಸಂಚಿಕೆಗಳಲ್ಲಿ ಪದಾಧಿಕಾರಿಗಳ ಭಾವಚಿತ್ರಗಳು ಹೆಚ್ಚು, ಓದುವುದು ಕಡಿಮೆಯೆಂಬ ಟೀಕೆ ನ್ಯಾಯವಾದುದೇ. ಈ ಸಲ ಭಾವಚಿತ್ರಗಳನ್ನು ಒಂದೇ ಪುಟಕ್ಕೆ ಇಳಿಸಿದ್ದೇವೆ. ಮುನಿಸಿಕೊಂಡ ಪದಾಧಿಕಾರಿಗಳು ಕ್ಷಮಿಸಬೇಕು.

ಇಂಗ್ಲಿಷಿನಲ್ಲಿಯೂ ತೆಲುಗಿನಲ್ಲಿಯೂ ಬಂದ ಬರಹಗಳನ್ನು ಸದಸ್ಯರೇ ಅನುವಾದಿಸಿರುವರು. ಧ್ವನಿಯಲ್ಲಿ ಬಂದವನ್ನು ಹಿಂದೂಪುರದ ಇಬ್ಬರು ಹೆಣ್ಣುಮಕ್ಕಳು, ಆಡುಮಾತಿನ ಸೊಗಡು ಕೆಡದಂತೆ, ಬರಹಕ್ಕಿಳಿಸಿಕೊಟ್ಟಿರುವರು. ಮುಂದಿನ ಸಂಚಿಕೆಯಿಂದ ‘ದೂರದ ಕಾಗದ’ವೆಂಬ ವಿಭಾಗವನ್ನು ಸ್ಥಿರವಾಗಿ ಇರಿಸಲು ಸಮಿತಿಯು ಒಪ್ಪಿದೆ. ಊರು ಯಾವುದಾದರೂ ಆಗಬಹುದು: ಬೆಂಗಳೂರಾದರೂ ಸರಿ, ಮೋಂಪೆಲಿಯೆಯಾದರೂ ಸರಿ. ಕೈಬರಹದ ಛಾಯಾಪ್ರತಿ ಸಾಕು, ಬೆರಳಚ್ಚು ಬೇಕಾಗಿಲ್ಲ. ಒತ್ತಕ್ಷರವು ತಪ್ಪಿದ್ದರೆ, ತೆಲುಗಿನ ಅಕ್ಷರವು ನಡುವೆ ನುಸುಳಿದ್ದರೆ ಕರಡು ತಿದ್ದುವ ಹೊಣೆ ನಮ್ಮದು. ದಸರೆಯೊಳಗೆ ತಲುಪಿದ ಬರಹಗಳು ರಾಜ್ಯೋತ್ಸವದ ಹೊತ್ತಿಗೆ ಅಚ್ಚಾಗುವುವು. ಅಚ್ಚಾದ ಪ್ರತಿಯನ್ನು ಬರೆದವರ ವಿಳಾಸಕ್ಕೆ, ಅದು ಯಾವ ದೇಶದಲ್ಲಿದ್ದರೂ, ಸಂಘದ ಖರ್ಚಿನಲ್ಲಿಯೇ ಅಂಚೆಗೆ ಹಾಕುತ್ತೇವೆ.