ಯಂತ್ರ ನಮ್ಮದು, ಧ್ವನಿ ಯಾರದು?

ಹಳೆಯ ಕ್ರೋಮ್‌ಬುಕ್ಕಿಗೆ ಲಿನಕ್ಸ್ ಹಾಕಿ ಬಳಸಹೊರಟವರಿಗೆ ಮೊದಲು ಎದುರಾಗುವುದು ಮೌನ. ಪರದೆ ಬೆಳಗುತ್ತದೆ, ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ, ವೈಫೈ ಹತ್ತುತ್ತದೆ. ಸ್ಪೀಕರ್ ಮಾತ್ರ ಮೂಕ. ಧ್ವನಿಯ ಸೆಟಿಂಗ್ ತೆರೆದರೆ ಅಲ್ಲಿ ‘ಡಮ್ಮಿ ಔಟ್‌ಪುಟ್’ ಎಂಬ ಎರಡು ಪದ. ಕೂಡಲೇ ಪಂಡಿತರು ತೀರ್ಪು ಕೊಡುತ್ತಾರೆ: ‘ಧರ್ಮಕ್ಕೆ ಸಿಕ್ಕಿದ ತಂತ್ರಾಂಶದ ಹಣೆಬರಹವೇ ಇಷ್ಟು, ದುಡ್ಡು ಕೊಟ್ಟು ಹೊಸ ಯಂತ್ರ ಕೊಳ್ಳಿ.’ ಈ ತೀರ್ಪು ತಪ್ಪು. ಅಷ್ಟೇ ಅಲ್ಲ, ಅದರಿಂದ ಯಾರಿಗೆ ಲಾಭವೋ ಅವರಿಗೆ ಹೇಳಿ ಮಾಡಿಸಿದಂತಿದೆ.

ಲಿನಕ್ಸಿಗೆ ಹಾಡಲು ಬಾರದು ಎನ್ನುವ ಮಹಾಶಯರು ಒಂದು ಸಂಗತಿಯನ್ನು ಕೇಳಿಸಿಕೊಳ್ಳಲಿ. ಅದೇ ಕ್ರೋಮ್‌ಬುಕ್ ಕಾರ್ಖಾನೆಯಿಂದ ಹೊರಟಾಗ ಅದರ ಹೊಟ್ಟೆಯಲ್ಲಿದ್ದದ್ದೂ ಲಿನಕ್ಸ್ ಕರ್ನಲೇ. ಗೂಗಲ್ ಕಂಪನಿಯ ಕ್ರೋಮ್ ಓಎಸ್ ನಿಂತಿರುವುದು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರಗೆ ಬಿಟ್ಟು, ಆಮೇಲೆ ಸಾವಿರಾರು ಮಂದಿ ಕಟ್ಟಿದ ಆ ಕರ್ನಲಿನ ಮೇಲೆ. ಯಂತ್ರವನ್ನು ಎಬ್ಬಿಸುವ ಕೋರ್‌ಬೂಟ್ ಕೂಡ 1999ರಲ್ಲಿ ಲಿನಕ್ಸ್‌ಬಯಾಸ್ ಎಂಬ ಹೆಸರಿನಲ್ಲಿ ಆರಂಭವಾದ ಸಾರ್ವಜನಿಕ ಕೆಲಸ. ಕಂಪನಿಯ ಕೈಯಲ್ಲಿದ್ದಾಗ ಲಿನಕ್ಸ್ ಹಾಡುತ್ತಿತ್ತು. ಕೊಂಡವನ ಕೈಗೆ ಬಂದಾಗ ಅದರ ಗಂಟಲು ಕಟ್ಟಿತು. ಹಾಗಾದರೆ ದೋಷ ಯಾರದು?

ಇಂಥ ಯಂತ್ರಗಳು ಪರಿವರ್ತನೆಗೆ ಬರುವುದಾದರೂ ಏಕೆ? 2011ರಲ್ಲಿ ಮಾರಾಟಕ್ಕೆ ಬಂದ ಕ್ರೋಮ್‌ಬುಕ್ಕುಗಳು ಅಗ್ಗದ ಬೆಲೆಯಿಂದ ಅಮೆರಿಕದ ಶಾಲೆಗಳನ್ನು ತುಂಬಿದವು. ಪ್ರತಿಯೊಂದಕ್ಕೂ ಸ್ವಯಂ ನವೀಕರಣ ಮುಗಿಯುವ ದಿನಾಂಕವೊಂದು ಮೊದಲೇ ಗೊತ್ತಾಗಿತ್ತು. ಆ ದಿನ ಕಳೆದರೆ ಯಂತ್ರ ಗಟ್ಟಿಯಾಗಿದ್ದರೂ ರಕ್ಷಣೆಯ ತಿದ್ದುಪಡಿ ಬರುವುದಿಲ್ಲ. ಎಣಿಕೆ ಶುರುವಾಗುವುದೂ ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಪೇಟೆಗೆ ಬಂದ ಕಾಲದಿಂದ. ಎರಡು ವರ್ಷ ಗೋದಾಮಿನಲ್ಲಿ ಕೊಳೆತದ್ದನ್ನು ರಿಯಾಯತಿಯಲ್ಲಿ ತಂದವನಿಗೆ ಆ ಎರಡು ವರ್ಷವೂ ನಷ್ಟ. 2023ರ ಏಪ್ರಿಲಿನಲ್ಲಿ ಅಮೆರಿಕದ ಪರ್ಗ್ ಎಂಬ ಬಳಕೆದಾರರ ಸಂಸ್ಥೆ ಲೆಕ್ಕ ಹಾಕಿ, ಈ ಯಂತ್ರಗಳ ಆಯುಷ್ಯ ಇಮ್ಮಡಿಯಾದರೆ ಅಲ್ಲಿನ ಶಾಲೆಗಳಿಗೆ 180 ಕೋಟಿ ಡಾಲರ್ ಉಳಿದೀತು ಎಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, 2021ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷ ನವೀಕರಣ ಕೊಡುವುದಾಗಿ ಕಂಪನಿ ಸಾರಿತು. ಗಲಾಟೆಯಿಲ್ಲದೆ ಈ ಔದಾರ್ಯ ಉಕ್ಕಿತೆಂದು ನಂಬುವವರು ನಂಬಲಿ. ನವೀಕರಣ ಮುಗಿದ ಯಂತ್ರಗಳನ್ನು ಉಳಿಸಿಕೊಳ್ಳಬೇಕಾದವನು ತಾನೇ ಬಿಚ್ಚಬೇಕು. ಬರವಣಿಗೆಗೆ ಅಡ್ಡವಾಗಿ ಕೂರಿಸಿದ ತಿರುಪನ್ನು ತೆಗೆಯಬೇಕು, ಇಲ್ಲವೇ ಬ್ಯಾಟರಿಯ ತಂತಿ ಕಳಚಬೇಕು, ಹಳೆಯ ಫರ್ಮ್‌ವೇರ್ ಮೇಲೆ ಹೊಸದನ್ನು ಬರೆಯಬೇಕು. ಹಣ ಕೊಟ್ಟು ಕೊಂಡ ವಸ್ತುವಿನ ಒಡೆತನಕ್ಕಾಗಿ ಕಳ್ಳನ ಹಾಗೆ ತಿರುಪುಳಿ ಹಿಡಿದು ಕೂರಬೇಕಾದ ಸ್ಥಿತಿ ಇದು.

ಈಗ ಧ್ವನಿಯ ವಿಷಯಕ್ಕೆ ಬರೋಣ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಇಂಟೆಲ್ 2004ರಲ್ಲಿ ತಂದ ಎಚ್‌ಡಿಎ ಎಂಬ ಪದ್ಧತಿಯಿದೆ. ಅದರಲ್ಲಿ ಧ್ವನಿಯ ಚಿಪ್ಪನ್ನು ‘ನೀನು ಯಾರು, ನಿನಗೆ ಯಾವ ತಂತಿ ಕಟ್ಟಿದ್ದಾರೆ’ ಎಂದು ಕೇಳಿದರೆ ಬಹುಮಟ್ಟಿಗೆ ಅದೇ ಉತ್ತರ ಹೇಳುತ್ತದೆ. ಕ್ರೋಮ್‌ಬುಕ್ಕುಗಳಲ್ಲಿ ಸಾಮಾನ್ಯವಾಗಿ ಹೀಗಿಲ್ಲ. ಹೆಡ್‌ಫೋನಿಗೆ ಡಿಎ7219 ಇಲ್ಲವೇ ಆರ್‌ಟಿ5682ರಂಥ ಒಂದು ಚಿಪ್ಪು, ಸ್ಪೀಕರಿಗೆ ಮ್ಯಾಕ್ಸ್98357ಎ ರೀತಿಯ ಇನ್ನೊಂದು. ನಡುವೆ ಐ2ಎಸ್ ಎಂಬ ಬಡ ತಂತಿ. ಆ ತಂತಿಗೆ ತನ್ನ ಪರಿಚಯ ಹೇಳಿಕೊಳ್ಳಲು ಬಾರದು. ಆದ್ದರಿಂದ ಕರ್ನಲಿನಲ್ಲಿ ಆ ಹಲಗೆಗೆಂದೇ ಬರೆದ ಡ್ರೈವರ್ ಬೇಕು, ಪ್ರೊಸೆಸರಿನ ಒಳಗಿರುವ ಧ್ವನಿಯಂತ್ರಕ್ಕೆ ಫರ್ಮ್‌ವೇರ್ ಬೇಕು, ತಂತಿ ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಟೊಪಾಲಜಿ ಕಡತ ಬೇಕು, ಯಾವ ಸ್ವಿಚ್ಚನ್ನು ಯಾವಾಗ ಹಾಕಬೇಕೆಂದು ಹೇಳುವ ಯುಸಿಎಂ ಕಡತ ಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಮೌನವೇ.

ರೋಗ ಯಾವುದೆಂದು ಪತ್ತೆ ಮಾಡಲು ಬಹಳ ವಿದ್ಯೆ ಬೇಡ. ಏಪ್ಲೇ ಎಂಬ ಆಜ್ಞೆಗೆ ಎಲ್ ಅಕ್ಷರ ಸೇರಿಸಿ ಕೊಟ್ಟರೆ ಧ್ವನಿ ಕಾರ್ಡುಗಳ ಪಟ್ಟಿ ಬರುತ್ತದೆ. ಪಟ್ಟಿ ಬರಿದಾಗಿದ್ದರೆ ಡ್ರೈವರ್ ಅಥವಾ ಫರ್ಮ್‌ವೇರ್ ಇಲ್ಲವೆಂದು ಅರ್ಥ. ಡಿಮೆಸ್ಗ್ ಆಜ್ಞೆ ತೋರಿಸುವ ಕರ್ನಲಿನ ದಿನಚರಿಯಲ್ಲಿ ‘ಎಸ್‌ಓಎಫ್’ ಎಂಬ ಅಕ್ಷರಗಳನ್ನು ಹುಡುಕಿದರೆ ಯಾವ ಕಡತ ಸಿಗಲಿಲ್ಲವೆಂದು ಅದೇ ಬರೆದಿರುತ್ತದೆ. ಕಾರ್ಡು ಇದ್ದು ಸದ್ದಿಲ್ಲದಿದ್ದರೆ ಹೆಚ್ಚಾಗಿ ಯುಸಿಎಂ ಕಡತದ ಕೊರತೆ. ಎಚ್‌ಡಿಎಂಐ ತಂತಿಯಲ್ಲಿ ಟೀವಿ ಮಾತಾಡಿ, ಒಳಗಿನ ಸ್ಪೀಕರ್ ಮಾತಾಡದಿದ್ದರೆ ಗಾಬರಿ ಬೇಡ, ಸ್ಪೀಕರ್ ಸತ್ತಿದೆಯೆಂದು ಅರ್ಥವಲ್ಲ. ಅವೆರಡರ ದಾರಿ ಬೇರೆ. ಯುಎಸ್‌ಬಿ ಹೆಡ್‌ಸೆಟ್ಟು ಒಳಗಿನ ಚಿಪ್ಪುಗಳ ಗೊಡವೆಗೇ ಹೋಗುವುದಿಲ್ಲ, ಹೀಗಾಗಿ ಅಲ್ಲಿಯವರೆಗೆ ಅದರಿಂದ ಕೆಲಸ ಸಾಗಿಸಬಹುದು. ಆದರೆ ಒಂದು ಎಚ್ಚರಿಕೆ: ಸ್ಕೈಲೇಕ್, ಕೇಬಿಲೇಕ್ ತಲೆಮಾರಿನ ಮ್ಯಾಕ್ಸ್98357ಎ ಚಿಪ್ಪಿನ ಯಂತ್ರಗಳಲ್ಲಿ ಸಿಕ್ಕಿದ ಸ್ವಿಚ್ಚನ್ನೆಲ್ಲ ಹಾಕಿ ಧ್ವನಿ ಏರಿಸಹೋದರೆ ಸ್ಪೀಕರ್ ಸುಟ್ಟುಹೋಗುವ ಅಪಾಯವಿದೆ. ಆಪಲ್ ಕಂಪನಿಯ ಹೊಸ ಚಿಪ್ಪಿನ ಯಂತ್ರಗಳಿಗೆ ಲಿನಕ್ಸ್ ತಂದ ಆಸಾಹಿ ಗುಂಪಿನವರು ಇದೇ ಭಯದಿಂದ, ಸ್ಪೀಕರಿನ ಕಾವು ಲೆಕ್ಕ ಹಾಕುವ ಕಾವಲು ತಂತ್ರಾಂಶ ಬರೆದು ಮುಗಿಸುವ ತನಕ ಸ್ಪೀಕರುಗಳನ್ನು ಮುಚ್ಚಿಯೇ ಇಟ್ಟಿದ್ದರು.

ಗೂಗಲ್ ಎಲ್ಲವನ್ನೂ ಬಚ್ಚಿಟ್ಟಿದೆ ಎಂದರೆ ಅದು ಸುಳ್ಳಾದೀತು, ಸುಳ್ಳು ನಮಗೆ ಬೇಡ. ಕ್ರೋಮ್ ಓಎಸ್‌ನ ಬಹುಭಾಗ ಬಹಿರಂಗವಾಗಿಯೇ ಇದೆ, ಧ್ವನಿಯ ಕಡತಗಳೂ ಅದರಲ್ಲಿವೆ. ಇಂಟೆಲ್ 2018ರಲ್ಲಿ ಸೌಂಡ್ ಓಪನ್ ಫರ್ಮ್‌ವೇರ್ ಎಂಬ ಬಹಿರಂಗ ಕಾರ್ಯವನ್ನೂ ಆರಂಭಿಸಿತು. ನಮ್ಮ ಆಕ್ಷೇಪಣೆ ಬೇರೆ. ಆ ಕಡತಗಳನ್ನು ಎಲ್ಲರೂ ನೀರು ಸೇದುವ ಬಾವಿಯಾದ ಅಲ್ಸಾ ಭಂಡಾರಕ್ಕೆ ಒಪ್ಪಿಸುವ ಹೊಣೆಯನ್ನು ಅನೇಕ ಮಾದರಿಗಳ ವಿಷಯದಲ್ಲಿ ಯಾರೂ ಹೊರಲಿಲ್ಲ. ಕಡತ ತನ್ನ ಅಂಗಳದಲ್ಲಿದೆ, ಬೇಕಾದವನು ಬಂದು ಹುಡುಕಿಕೊಳ್ಳಲಿ ಎಂಬ ಧೋರಣೆ. ಸಂಬಳವಿಲ್ಲದ ಕೆಲವು ಹುಡುಗರು ರಾತ್ರಿ ನಿದ್ದೆಗೆಟ್ಟು, ಒಂದೊಂದೇ ಮಾದರಿಯನ್ನು ತೆಗೆದುಕೊಂಡು, ಕಡತಗಳನ್ನು ಆರಿಸಿ, ಯಾರು ಬೇಕಾದರೂ ಓಡಿಸಬಹುದಾದ ಸ್ಕ್ರಿಪ್ಟ್ ಮಾಡಿ ಕೊಟ್ಟಿದ್ದಾರೆ. ಇಂದು ಎಷ್ಟೋ ಹಳೆಯ ಕ್ರೋಮ್‌ಬುಕ್ಕುಗಳು ಮಾತಾಡುತ್ತಿದ್ದರೆ ಅದು ಇವರ ದುಡಿಮೆಯಿಂದ. ಸಮುದಾಯದ ಕರ್ನಲನ್ನು ಬಿಟ್ಟಿ ತೆಗೆದುಕೊಂಡ ಶ್ರೀಮಂತ, ಕೊನೆಯ ನಾಲ್ಕು ಕಡತಗಳನ್ನು ಹಿಂದಿರುಗಿಸುವ ಕೆಲಸವನ್ನೂ ಅದೇ ಸಮುದಾಯದ ಬೆನ್ನಿಗೆ ಹೇರಿದ್ದಾನೆ.

ಇನ್ನು ನಮ್ಮವರಲ್ಲೇ ಕೆಲವರಿದ್ದಾರೆ. ‘ಸದ್ದಿಲ್ಲದಿದ್ದರೇನು, ಪರದೆಯಿದೆಯಲ್ಲ, ಕೈಪಿಡಿ ಓದಿಕೊಳ್ಳಿ’ ಎಂದು ಹೊಸಬರನ್ನು ಗದರುವ ಜಾಣರು. ಇವರಿಗೆ ಒಂದೇ ಪ್ರಶ್ನೆ. ಕಣ್ಣು ಕಾಣದ ವಿದ್ಯಾರ್ಥಿ ಏನು ಮಾಡಬೇಕು? ಲಿನಕ್ಸಿನಲ್ಲಿ ಓರ್ಕಾ ಎಂಬ ಪರದೆವಾಚಕವಿದೆ; ಅದರ ಜೊತೆ ಈಸ್ಪೀಕ್ ಸೇರಿದರೆ ಪರದೆಯ ಮೇಲಿನ ಕನ್ನಡವನ್ನೂ ಕಿವಿಗೆ ಮುಟ್ಟಿಸುತ್ತದೆ, ಉಚ್ಚಾರ ತುಸು ಒರಟಾದರೂ. ಹಣ ಕೊಡದೆ ಕನ್ನಡ ಓದಿಸಿಕೊಳ್ಳುವ ಸೌಕರ್ಯ ಆ ಹುಡುಗನಿಗೆ ಸಿಕ್ಕಿದೆ. ಆದರೆ ಸ್ಪೀಕರ್ ಮೂಕವಾದರೆ ಅವನ ಪಾಲಿಗೆ ಇಡೀ ಯಂತ್ರವೇ ಕತ್ತಲೆ. ಕೈಪಿಡಿ ಓದಲಿಕ್ಕೂ ಅವನಿಗೆ ಧ್ವನಿ ಬೇಕಲ್ಲವೇ?

ಭಾರತ ಸರಕಾರ 2022ರ ಡಿಸೆಂಬರ್ 24ರಂದು ‘ದುರಸ್ತಿಯ ಹಕ್ಕು’ ಎಂಬ ಪೋರ್ಟಲ್ ತೆರೆಯಿತು. ಒಳ್ಳೆಯದು. ಕೆಟ್ಟ ವಸ್ತುವನ್ನು ಎಲ್ಲಿ ರಿಪೇರಿ ಮಾಡಿಸಬೇಕೆಂದು ಕೇಳಲು ಒಂದು ದಾರಿಯಾಯಿತು. ಕೆಡದ ಸ್ಪೀಕರ್ ಮಾತಾಡದಿದ್ದರೆ ಯಾರನ್ನು ಕೇಳಬೇಕು? ಆ ಪ್ರಶ್ನೆಗೆ ಸಾರ್ವಜನಿಕ ಹಣದಿಂದ ಯಂತ್ರ ಕೊಳ್ಳುವವರು ಟೆಂಡರಿನಲ್ಲೇ ಉತ್ತರ ಬರೆಯಿಸಿಕೊಳ್ಳಬಹುದು: ಧ್ವನಿಯ ಡ್ರೈವರು, ಫರ್ಮ್‌ವೇರ್, ಯುಸಿಎಂ ಕಡತ ಇವೆಲ್ಲವೂ ಸಾರ್ವಜನಿಕ ಭಂಡಾರಕ್ಕೆ ಸೇರಿದ ಮೇಲೆಯೇ ಕೊನೆಯ ಕಂತು ಸಂದಾಯವಾಗತಕ್ಕದ್ದು. ಸರಕು ಬಂದ ದಿನ ಅಧಿಕಾರಿಗಳು ಬರಿಯ ಡೆಬಿಯನ್ ಇರುವ ಒಂದು ಪೆನ್‌ಡ್ರೈವ್ ಹಾಕಿ, ಹಾಡೊಂದನ್ನು ನುಡಿಸಿ ನೋಡಿ, ಕಿವಿಗೆ ಬಿದ್ದರೆ ಸಹಿ ಮಾಡಲಿ. ಪೆನ್‌ಡ್ರೈವಿನಿಂದ ಏಳಲಿಕ್ಕೇ ಒಪ್ಪದ ಯಂತ್ರವಾದರೆ, ಬಂದ ಲಾರಿಯಲ್ಲೇ ವಾಪಸು ಕಳಿಸಲಿ.