ಕಾಳಿಯ ಕರೆಂಟು, ಜೋಯಿಡಾದ ಪ್ಲಗ್ಗು

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಗಾಗುವಷ್ಟರಲ್ಲಿ ದಾಂಡೇಲಿ ಮುಟ್ಟುವುದು ಐಟಿ ಮಂದಿಯ ಹಳೆಯ ರೂಢಿ. ಈಚೆಗೆ ಆ ಕಾರುಗಳ ಸಾಲಿನಲ್ಲಿ ಹಸಿರು ನಂಬರ್ ಪ್ಲೇಟಿನ ಬ್ಯಾಟರಿ ಕಾರುಗಳೂ ಸೇರಿಕೊಂಡಿವೆ. ಹಸಿರು ಪ್ಲೇಟಿನವರು ಹೋಂಸ್ಟೇಗೆ ಫೋನ್ ಮಾಡಿದರೆ ಮಂಗಟ್ಟೆ ಹಕ್ಕಿಗಿಂತ ಮೊದಲು ವಿಚಾರಿಸುವುದು 15 ಆಂಪ್ಸ್ ಪ್ಲಗ್ಗನ್ನು. ಗೀಸರಿಗೋ ಪಂಪಿಗೋ ಹಾಕಿಸಿದ ಪ್ಲಗ್ ಅದು. ಅದಕ್ಕೆ ವೈರು ಸಿಕ್ಕಿಸಿ ಮಲಗಿದರೆ, ರಾತ್ರಿ ಕರೆಂಟ್ ಹೋಗದೇ ಇದ್ದರೆ, ಒಂಬತ್ತು ಹತ್ತು ತಾಸಿನ ನಂತರ, ಬೆಳಿಗ್ಗೆ, 30 ಯೂನಿಟ್ಟಿನ ಬ್ಯಾಟರಿ ತುಂಬಿರುತ್ತದೆ. ಮಳೆಗಾಲದಲ್ಲಿ ಆ 'ಹೋಗದೇ ಇದ್ದರೆ' ಎಂಬ ಮಾತಿಗೆ ಬಹಳ ತೂಕ.

ಇದರಲ್ಲಿ ತಮಾಷೆ ಏನೆಂದರೆ, ಆ ಪ್ಲಗ್ಗಿಗೆ ಕರೆಂಟು ಬರಬೇಕಾದ ಮೂಲ ಅಲ್ಲೇ ಪಕ್ಕದಲ್ಲಿದೆ. ಕಾಳಿ ನದಿಗೆ ಕಟ್ಟಿದ ಗಣೇಶಗುಡಿಯ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅದರ ಬುಡದಲ್ಲಿ 100 ಮೆಗಾವ್ಯಾಟ್ ಉತ್ಪಾದನೆ. ಅಲ್ಲಿಂದ ಹರಿದ ನೀರು ಬೊಮ್ಮನಹಳ್ಳಿಯಲ್ಲಿ ನಿಂತು, ಅಂಬಿಕಾನಗರದ ಬಳಿಯ ನಾಗಝರಿ ಪವರ್ ಹೌಸಿಗೆ ಬಿದ್ದು ಸುಮಾರು 900 ಮೆಗಾವ್ಯಾಟ್ ಕೊಡಬಲ್ಲದು. ಕೆಳಗೆ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಅದೇ ನದಿಯ ನೀರು ಕುಡಿದು ಕೈಗಾದ ನಾಲ್ಕು ಅಣು ಘಟಕಗಳು 880 ಮೆಗಾವ್ಯಾಟ್ ಮಾಡುತ್ತವೆ. ನಾಗಝರಿ ಒಂದೇ ಪೂರ್ತಿ ಓಡಿದರೆ ತಾಸಿಗೆ ಒಂಬತ್ತು ಲಕ್ಷ ಯೂನಿಟ್. ಸಣ್ಣ ಕಾರಿನ ಬ್ಯಾಟರಿ ಲೆಕ್ಕದಲ್ಲಿ ಮೂವತ್ತು ಸಾವಿರ ಕಾರುಗಳಿಗೆ ಸಾಕು. ಆ ತಂತಿಗಳು ತಲೆಯ ಮೇಲೆಯೇ ಹಾದು ಊರು ಬಿಡುತ್ತವೆ. ಕೆಳಗಿನ ಕಾಡಿನಂಚಿನ ಮನೆಗಳ ಪಾಲಿಗೆ ಜುಲೈ ತಿಂಗಳೆಂದರೆ ಮರ ಬಿದ್ದು ತುಂಡಾದ ಲೈನು ಮತ್ತು ಕೊಡೆ ಹಿಡಿದು ಕಂಬ ಹುಡುಕುವ ಲೈನ್‌ಮನ್.

ಇನ್ನೊಂದು ಕಾಕತಾಳೀಯವೂ ಇದೆ. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನಗಳಿಗಾಗಿ ರಾಜ್ಯ ಮಟ್ಟದ ನೀತಿ ತಂದದ್ದು ಕರ್ನಾಟಕ, 2017ರಲ್ಲಿ. ಆಗ ಬೃಹತ್ ಮತ್ತು ಮಧ್ಯಮ ಕೈಗಾರಿಕೆ ಸಚಿವರಾಗಿದ್ದವರು ಹಳಿಯಾಳದ ಶಾಸಕ ಆರ್.ವಿ. ದೇಶಪಾಂಡೆ. ಅವರ ಕ್ಷೇತ್ರದಲ್ಲಿ ಹಳಿಯಾಳದ ಜೊತೆಗೆ ದಾಂಡೇಲಿ, ಜೋಯಿಡಾಗಳೂ ಸೇರುತ್ತವೆ. 31 ಸಾವಿರ ಕೋಟಿ ರೂಪಾಯಿ ಬಂಡವಾಳ, 55 ಸಾವಿರ ಉದ್ಯೋಗ ಎಂಬುದು ಆ ನೀತಿಯ ಗುರಿ. ಮೊದಲ 100 ಫಾಸ್ಟ್ ಚಾರ್ಜಿಂಗ್ ಕೇಂದ್ರಗಳಿಗೆ ಉಪಕರಣದ ವೆಚ್ಚದಲ್ಲಿ ಶೇ 25ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಸಬ್ಸಿಡಿ ಎಂದೂ ಅದರಲ್ಲಿತ್ತು. ಕೈಗಾರಿಕಾ ನೀತಿಯಾಗಿ ಅದನ್ನು ಕೆಟ್ಟದ್ದೆನ್ನಲಾಗದು. 2001ರಲ್ಲೇ ಚೇತನ್ ಮೈನಿ ಅವರ ಪುಟ್ಟ ರೇವಾ ಕಾರು ಬಂದದ್ದೂ ಬೆಂಗಳೂರಿನಿಂದಲೇ ಅಲ್ಲವೇ? ಆದರೆ ಅದು ಕಾರ್ಖಾನೆಯನ್ನೂ ನಗರವನ್ನೂ ಕಣ್ಣ ಮುಂದಿಟ್ಟುಕೊಂಡು ಬರೆದ ನೀತಿ. ಫಲವೂ ಹಾಗೇ ಬಂತು. ರಾಜ್ಯದಲ್ಲಿ ಈಗ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿವೆ. ಅವುಗಳಲ್ಲಿ ಬಹುಪಾಲು ಬೆಂಗಳೂರಿನ ಸುತ್ತಲೇ ಇವೆ.

ಕಾರು ಕೊಳ್ಳುವವನ ಕೈಗೆ ಸಿಕ್ಕ ಪ್ರೋತ್ಸಾಹವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟ. 'ಫೇಮ್' ಎಂಬ ಕೇಂದ್ರದ ಯೋಜನೆಯ ಎರಡನೇ ಕಂತು 2019ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದರ ಕಾರಿನ ಸಬ್ಸಿಡಿ ಟ್ಯಾಕ್ಸಿಗಳಿಗಷ್ಟೇ ಮೀಸಲಾಗಿತ್ತು. ಮನೆಬಳಕೆಯ ಕಾರಿಗೆ ಅದರಿಂದ ಬಿಡಿಗಾಸೂ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ 10,900 ಕೋಟಿಯ ಪಿಎಂ ಇ-ಡ್ರೈವ್ ಕೂಡ ಖಾಸಗಿ ಕಾರನ್ನು ಹೊರಗಿಟ್ಟಿತು. ಹಾಗಾಗಿ ಕಾರಿನವನಿಗೆ ಉಳಿದದ್ದು ತೆರಿಗೆಯ ರಿಯಾಯಿತಿ: ಶೇ 5ರ ಜಿಎಸ್‌ಟಿ, 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷದವರೆಗೆ ವಿನಾಯಿತಿ, ಮತ್ತು ರಾಜ್ಯದ ರಸ್ತೆ ತೆರಿಗೆ ಮಾಫಿ. ಈ ಕೊನೆಯದೇ ದೊಡ್ಡದಾಗಿತ್ತು. 10 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇ 17ರಷ್ಟು ಆಜೀವ ತೆರಿಗೆ ಹೇರುವ ರಾಜ್ಯದಲ್ಲಿ 15 ಲಕ್ಷದ ಬ್ಯಾಟರಿ ಕಾರು ಕೊಂಡವನಿಗೆ ಎರಡೂವರೆ ಲಕ್ಷ ಉಳಿಯುತ್ತಿತ್ತು. 2024ರಲ್ಲಿ ಈ ಮಾಫಿಗೆ ಮೊದಲ ಕತ್ತರಿ ಬಿತ್ತು. 25 ಲಕ್ಷ ದಾಟಿದ ಗಾಡಿಗಳಿಗೆ ಶೇ 10ರ ತೆರಿಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ ಬ್ಯಾಟರಿ ಕಾರಿನ ಮೇಲುಗೈ ಇನ್ನಷ್ಟು ಕರಗಿತು.

ತೆರಿಗೆ ಮಾಫಿ ಎನ್ನುವುದು ತೆರಿಗೆ ಕಟ್ಟುವಷ್ಟು ದೊಡ್ಡ ಗಾಡಿ ಕೊಳ್ಳುವವನಿಗೆ ಸಿಗುವ ಉಡುಗೊರೆ. ದಾಂಡೇಲಿಯ ಆರ್‌ಟಿಒ ಕಚೇರಿಯಲ್ಲಿ ಕೆಎ 65 ಎಂದು ಪಾಸಿಂಗ್ ಆಗುವ ಗಾಡಿಗಳ ಸ್ವಭಾವವೇ ಬೇರೆ. ಬೈಕು, ಗೂಡ್ಸ್ ಆಟೊ, ಟ್ರಾಕ್ಸು, ಕಬ್ಬಿನ ಟ್ರ್ಯಾಕ್ಟರು. ಇಲ್ಲಿ 'ಬ್ಯಾಟರಿ ಗಾಡಿ' ಅಂದರೆ ಜನರ ಮನಸ್ಸಿಗೆ ಬರುವುದು ಸ್ಕೂಟರೇ. ಆ ಸ್ಕೂಟರಿನ ಸಬ್ಸಿಡಿಯೂ ಅತ್ತಿತ್ತ ತೂಗಾಡಿತು: 2023ರ ಜೂನ್‌ನಲ್ಲಿ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 15 ಸಾವಿರದಿಂದ 10 ಸಾವಿರಕ್ಕೆ, 2024ರ ಏಪ್ರಿಲ್‌ನಲ್ಲಿ 5 ಸಾವಿರಕ್ಕೆ, 2025ರ ಏಪ್ರಿಲ್‌ನಿಂದ ಎರಡೂವರೆ ಸಾವಿರಕ್ಕೆ. 2023ರ ಮೇ ತಿಂಗಳಲ್ಲಿ ಬುಕ್ ಮಾಡಿದವನಿಗೂ ಜೂನ್‌ನಲ್ಲಿ ಶೋರೂಮಿಗೆ ಹೋದವನಿಗೂ ಒಂದೇ ಸ್ಕೂಟರಿನ ಬೆಲೆ ಬೇರೆ. ಜರ್ಮನಿ 2023ರ ಡಿಸೆಂಬರ್‌ನಲ್ಲಿ ಕಾರಿನ ಸಹಾಯಧನವನ್ನು ಎರಡು ದಿನದ ಸೂಚನೆಯಲ್ಲೇ ನಿಲ್ಲಿಸಿ, ಮರುವರ್ಷ ಬ್ಯಾಟರಿ ಕಾರಿನ ಮಾರಾಟ ಕಾಲು ಭಾಗಕ್ಕೂ ಹೆಚ್ಚು ಕುಸಿದದ್ದನ್ನು ನೋಡಿತು. ಅಂಥ ಪೆಟ್ಟು ತಿಂದದ್ದು ಹುಬ್ಬಳ್ಳಿಯ ಡೀಲರ್ ಒಬ್ಬನೇ ಅಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಈ ಚರ್ಚೆ ಬಂದಾಗಲೆಲ್ಲ ನಾರ್ವೆಯ ಹೆಸರು ಬರುತ್ತದೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ 89 ಎಲೆಕ್ಟ್ರಿಕ್. ತೈಲ ಮಾರಿ ಶ್ರೀಮಂತವಾದ ದೇಶ, ಅದರ ಮಾತು ನಮಗೇಕೆ ಎಂದು ತಳ್ಳಿಹಾಕುವ ಮೊದಲು ಕಾಳಿ ಕಣಿವೆಯವರು ಅದನ್ನು ಸ್ವಲ್ಪ ಗಮನಿಸಬೇಕು. ಬೆಟ್ಟ, ಮಳೆ, ಅಣೆಕಟ್ಟು, ವಿರಳ ಜನಸಂಖ್ಯೆ. ಅಲ್ಲಿನ ವಿದ್ಯುತ್ತಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನದಿಗಳದೇ. 1989ರಲ್ಲಿ ಅಲ್ಲಿನ ಪಾಪ್ ಗಾಯಕ ಮಾರ್ಟನ್ ಹಾರ್ಕೆಟ್ ಮತ್ತು ಪರಿಸರವಾದಿ ಗೆಳೆಯರು ಬ್ಯಾಟರಿಗೆ ಮಾರ್ಪಡಿಸಿದ ಫಿಯಟ್ ಪಾಂಡಾ ಕಾರಿನಲ್ಲಿ ಟೋಲ್ ಕಟ್ಟದೆ ಓಡಾಡಿದರು. ದಂಡ ಬೆಳೆದು ಕಾರು ಜಪ್ತಿಯಾಗಿ ಹರಾಜಿಗೆ ಬಂತು. ಮುಂದೆ 1990ರಲ್ಲಿ ಖರೀದಿ ತೆರಿಗೆ, 1997ರಲ್ಲಿ ಟೋಲ್, 2001ರಲ್ಲಿ ವ್ಯಾಟ್ ಒಂದೊಂದಾಗಿ ಮಾಫಿಯಾದವು. ಜನ ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಅಲ್ಲಿನ ಸರ್ಕಾರ ಮುಖ್ಯ ರಸ್ತೆಗಳಲ್ಲಿ ಪ್ರತಿ 50 ಕಿಲೋಮೀಟರಿಗೆ ಕನಿಷ್ಠ ಎರಡು ಫಾಸ್ಟ್ ಚಾರ್ಜರ್ ಇರಲೆಂದು, ಗಿರಾಕಿಯೇ ಇಲ್ಲದ ಕಡೆಗೂ ಹಣ ಸುರಿದದ್ದನ್ನು ಯಾರೂ ಹೇಳುವುದಿಲ್ಲ. ಖಾಸಗಿಯವನಿಗೆ ಲಾಭ ಕಾಣದ ಜಾಗದಲ್ಲೇ ಸರ್ಕಾರದ ದುಡ್ಡಿಗೆ ಕೆಲಸ.

ಇದೇ ಅಳತೆಗೋಲು ಹಿಡಿದು ಈ ಭಾಗದ ಮುಂಡಗೋಡು, ಹಳಿಯಾಳ, ದಾಂಡೇಲಿ, ಜೋಯಿಡಾ ಎಂಬ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ನಾಲ್ಕೂ ನಾಲ್ಕು ಥರ. ಮುಂಡಗೋಡು ಎಲ್ಲಕ್ಕಿಂತ ಸುಲಭ. ಬಹುಮಟ್ಟಿಗೆ ಸಮತಟ್ಟು ನೆಲ, ಹುಬ್ಬಳ್ಳಿ ಐವತ್ತು ಕಿಲೋಮೀಟರಿನೊಳಗೆ. 1966ರಲ್ಲಿ ನೆಲೆಗೊಂಡ ಟಿಬೆಟಿಯನ್ ಕಾಲೊನಿಯ ಕ್ಯಾಂಪುಗಳು, ಡ್ರೆಪುಂಗ್ ಮತ್ತು ಗಾದೆನ್ ಮಠಗಳು, ಪೇಟೆ — ಇವುಗಳ ನಡುವೆ ದಿನವಿಡೀ ಆಟೊ ಓಡುತ್ತವೆ. ಚಿಕ್ಕ ದೂರ, ನಿಶ್ಚಿತ ದಾರಿ, ರಾತ್ರಿ ಒಂದೇ ಜಾಗದಲ್ಲಿ ನಿಲುಗಡೆ: ಬ್ಯಾಟರಿ ಆಟೊಗೆ ಇದಕ್ಕಿಂತ ಒಳ್ಳೆಯ ಊರು ಬೇಕೇ? ಹಳಿಯಾಳದಿಂದ ಧಾರವಾಡ ಮೂವತ್ತೈದು ಕಿಲೋಮೀಟರ್ ಆಸುಪಾಸು, ಅಲ್ಲೂ ತೊಂದರೆಯಿಲ್ಲ. ದಾಂಡೇಲಿಯಲ್ಲಿ ರೆಸಾರ್ಟಿನವರೇ ಗಿರಾಕಿಗಾಗಿ ಚಾರ್ಜರ್ ಹಾಕುತ್ತಾರೆ. ಸರ್ಕಾರ ಅಡ್ಡ ಬರದಿದ್ದರೆ ಸಾಕು.

ಕಷ್ಟವಿರುವುದು ಜೋಯಿಡಾದಲ್ಲಿ. ಉತ್ತರ ಕನ್ನಡ ಜಿಲ್ಲೆಯಲ್ಲೇ ದೊಡ್ಡ ತಾಲ್ಲೂಕು, 2011ರ ಜನಗಣತಿಯಲ್ಲಿ ಜನಸಂಖ್ಯೆ ಬರೀ 52 ಸಾವಿರದಷ್ಟು. ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಅದರ ಅಂಚು. ಕಾಡಿನೊಳಗೆ ಹೊಸ ಕಂಬ ನೆಡಬೇಕೆಂದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಕುಣಬಿಗಳ ಎಷ್ಟೋ ಹಾಡಿಗಳಲ್ಲಿ ಸೋಲಾರ್ ದೀಪವೇ ಗತಿ. ಅಣೆಕಟ್ಟಿಗಾಗಿ ಸೂಪಾ ಪೇಟೆಯೇ ಮುಳುಗಿತು, ಅಲ್ಲಿಂದ ಎದ್ದವರು ರಾಮನಗರದಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಇಲ್ಲಿ ಚಾರ್ಜರ್ ನಿಲ್ಲಿಸಿದರೂ ಅದನ್ನು ಚಾಲೂ ಮಾಡಲು ಮೊಬೈಲ್ ಆ್ಯಪ್ ಬೇಕು, ಆ್ಯಪಿಗೆ ಸಿಗ್ನಲ್ ಬೇಕು, ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಕಾರನ್ನು ಗುಡ್ಡ ಹತ್ತಿಸಿ ಚಾರ್ಜ್ ಮಾಡಲಾದೀತೇ? ಕಾರ್ಡ್ ಉಜ್ಜಿದರೆ ಓಡುವ ಯಂತ್ರ ಬಹಳ ದುಬಾರಿಯೇನಲ್ಲ. ಟೆಂಡರಿನಲ್ಲಿ ಒಂದು ಸಾಲು ಸೇರಿಸುವ ಕೆಲಸ.

ಇದಕ್ಕೆ ಹಣವೂ ಇಲ್ಲದಿಲ್ಲ. ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೇ ಎಂದು 2,000 ಕೋಟಿ ಎತ್ತಿಟ್ಟಿದ್ದಾರೆ. ಸರ್ಕಾರಿ ಕಚೇರಿ, ಆಸ್ಪತ್ರೆ, ಶಾಲೆ ಕಾಲೇಜಿನ ಆವರಣದಲ್ಲಿ ಸಾರ್ವಜನಿಕರಿಗೆ ಮುಕ್ತವಾಗಿಟ್ಟರೆ ಪೂರ್ತಿ ವೆಚ್ಚ ಕೊಡಲೂ ಅವಕಾಶವಿದೆ. ಆದರೆ ದೊಡ್ಡ ನಗರಗಳಿಗೂ ಹೆದ್ದಾರಿಗಳಿಗೂ ಮೊದಲ ಮಣೆ. ಜೋಯಿಡಾ ತಾಲ್ಲೂಕು ಕಚೇರಿಯ ಅಂಗಳ ಆ ಪಟ್ಟಿಗೆ ಸೇರಬೇಕಾದರೆ ಹುಬ್ಬಳ್ಳಿಯ ವಿದ್ಯುತ್ ಕಂಪನಿ ಹೆಸ್ಕಾಂನಿಂದಲೋ ಬೆಂಗಳೂರಿನಿಂದಲೋ ಯಾರಾದರೂ ಪತ್ರ ಬರೆಯಬೇಕು.

ಮನೆಯ ಮೀಟರಿನಲ್ಲಿ ಇನ್ನೊಂದು ಗಂಟಿದೆ. ಪೆಟ್ರೋಲಿನಲ್ಲಿ ಕಿಲೋಮೀಟರಿಗೆ ಏಳು ರೂಪಾಯಿ ತಿನ್ನುವ ಕಡೆ ಮನೆಯ ಕರೆಂಟಿನಲ್ಲಿ ಒಂದು ರೂಪಾಯಿ ಸಾಕು. ಆದರೆ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೆ 140 ಯೂನಿಟ್ ಬೇಕು. 2023ರಿಂದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುವ ಮನೆ ಇದರಿಂದ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ತೆರಬೇಕು. ಒಂದು ಇಲಾಖೆ ಬ್ಯಾಟರಿ ಕಾರು ಕೊಳ್ಳು ಎನ್ನುತ್ತದೆ, ಇನ್ನೊಂದು ಕೊಂಡವನ ರಿಯಾಯಿತಿ ಕಿತ್ತುಕೊಳ್ಳುತ್ತದೆ. ಗಾಡಿಗೆಂದೇ ಬೇರೆ ಮೀಟರ್ ಹಾಕಿಸಿಕೊಳ್ಳಬಹುದು, ಸರಿ. ಹಳ್ಳಿಯ ಮನೆಯಲ್ಲಿ ಎರಡನೇ ಮೀಟರಿಗೆ ಅರ್ಜಿ ಹಾಕಿ ಓಡಾಡಿದವರನ್ನು ಕೇಳಿದರೆ ಅದರ ಕಥೆ ತಿಳಿಯುತ್ತದೆ.

ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಯುವುದು ಸೂಪಾದ ಯಂತ್ರಗಳು ತಿರುಗಿ ನೀರು ಕೆಳಗೆ ಬಿಟ್ಟಾಗ. ಬೆಳಿಗ್ಗೆ ನೀರು ಏರುತ್ತಿದ್ದಂತೆ ಬೆಂಗಳೂರಿನವರು ಲೈಫ್ ಜಾಕೆಟ್ ಕಟ್ಟಿಕೊಂಡು ರಬ್ಬರ್ ದೋಣಿ ಹತ್ತುತ್ತಾರೆ. ಹೋಂಸ್ಟೇಯ ಜಗಲಿಯ ಪಕ್ಕ ಅವರ ಕಾರು ನಿನ್ನೆ ರಾತ್ರಿಯ ಅದೇ ವೈರಿಗೆ ಕಟ್ಟಿಹಾಕಿದಂತೆ ನಿಂತಿರುತ್ತದೆ, ಶೇ 60ರಲ್ಲಿ. ನಡುರಾತ್ರಿ ಮೂರು ತಾಸು ಕರೆಂಟ್ ಇರಲಿಲ್ಲ.